ತಪ್ಪಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಿಂದ ಫೈಲ್‌ಗಳು ವಾಪಸ್ ಸಿಗುತ್ತವೆಯೇ?

ಕ್ವಿಕ್ ಫಾರ್ಮ್ಯಾಟ್ ಮಾತ್ರ ಆಗಿದ್ದು, ಆಮೇಲೆ ಏನೂ ತುಂಬಿಲ್ಲದಿದ್ದರೆ, ಹಾರ್ಡ್ ಡಿಸ್ಕ್‌ನಿಂದ ಬಹುಪಾಲು ಸಿಗುತ್ತವೆ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಹೋಗುವುದು ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಅಷ್ಟೇ. ಪುಸ್ತಕದ ಪರಿವಿಡಿ ಹರಿದ ಹಾಗೆ. ಪುಟಗಳು ಒಳಗೇ ಇರುತ್ತವೆ. ಆದರೆ ಕಂಪ್ಯೂಟರ್‌ಗೆ ಅದೆಲ್ಲ ಈಗ ಖಾಲಿ ಜಾಗ. ಹೊಸದೇನಾದರೂ ಕಾಪಿ ಮಾಡಿದರೆ ಹಳೆಯದರ ಮೇಲೇ ಕೂರುತ್ತದೆ.

ಹಾಗಾಗಿ ಮೊದಲು ಡಿಸ್ಕ್ ಬಳಸೋದು ನಿಲ್ಲಿಸಿ. ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರ್ ಬಳಸಿ ಇಡೀ ಡಿಸ್ಕ್‌ನ ನಕಲು ಬೇರೆ ಡಿಸ್ಕ್‌ಗೆ ತೆಗೆದು, ಆ ನಕಲಿನ ಮೇಲೆ ಕಳೆದ ಫೈಲ್ ಹುಡುಕುವ ಫೋಟೊರೆಕ್ ಸಾಫ್ಟ್‌ವೇರ್ ಓಡಿಸಿ. ಅದು ಪಟ್ಟಿ ನಂಬಿ ಕೂರುವುದಿಲ್ಲ. ಜೆಪೆಗ್ ಫೋಟೊ ಫೈಲ್ ಶುರುವಾಗುವ ‘ಎಫ್‌ಎಫ್ ಡಿ8 ಎಫ್‌ಎಫ್’ ಥರದ ಗುರುತು ಹುಡುಕಿ ಫೈಲ್ ಎತ್ತುತ್ತದೆ. ಹಳೇ ಹೆಸರು, ಫೋಲ್ಡರ್ ಮಾತ್ರ ಬರುವುದಿಲ್ಲ. ಮತ್ತೆ ಹೆಸರಿಡೋದು ಬೇಜಾರಿನ ಕೆಲಸ, ಆದರೆ ಫೋಟೊ ಸಿಕ್ಕಿತಲ್ವಾ!

ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಆದರೆ ಜಾಸ್ತಿ ಆಸೆ ಬೇಡ. ಫಾರ್ಮ್ಯಾಟ್ ಜೊತೆಗೇ ‘ಟ್ರಿಮ್’ ಅನ್ನೋ ಸೂಚನೆ ಹೋಗಿದ್ದರೆ, ಖಾಲಿಯೆಂದು ಗುರುತಾದ ಜಾಗವನ್ನು ಎಸ್‌ಎಸ್‌ಡಿ ತಾನೇ ಒರೆಸಿಹಾಕುತ್ತದೆ.