ಕಥೆ ಏನು ಅಂತ ಕೇಳಬೇಡಿ, ಎಲ್ಲಿ ನಿಂತೆ ಅಂತ ಕೇಳಿ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೇ ತರಗತಿಯವರಿಗೆ ‘ನಿಮಗಿಷ್ಟವಾದ ಕಾದಂಬರಿ ಓದಿ, ಅಭಿಪ್ರಾಯ ಬರೆಯಿರಿ’ ಎಂದಿದ್ದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಕೊಂಡ ಪುಸ್ತಕಗಳು ಕೆಲವರ ಹತ್ತಿರ ಇವೆ. ಓದುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬರೆದದ್ದು ಎಲ್ಲರದ್ದೂ ಒಂದೇ ಥರ: ಕರ್ತೃ ಪರಿಚಯ, ಸಾರಾಂಶ, ಕೊನೆಗೊಂದು ನೀತಿ. ಏನು ಮಾಡಲಿ?

ಉತ್ತರ: ಮಕ್ಕಳದ್ದೇನೂ ತಪ್ಪಿಲ್ಲ ಮೇಡಂ. ‘ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಿ’, ‘ಸಂದರ್ಭದೊಡನೆ ವಿವರಿಸಿ’ ಅಂತ ವರ್ಷಗಟ್ಟಲೆ ಬರೆಸಿದ್ದೇವೆ. ಅದೇ ಕೈ ಈಗ ಕಾದಂಬರಿಯನ್ನೂ ಹಾಗೇ ಬರೆಯುತ್ತದೆ. ‘ಅಭಿಪ್ರಾಯ’ ಅನ್ನುವ ಮಾತು ಕೇಳಿದರೆ ಸಾಕು, ಇದೂ ಒಂದು ಪರೀಕ್ಷೆ ಅಂದುಕೊಳ್ಳುತ್ತಾರೆ.

ಅಮೆರಿಕದಲ್ಲಿ ಲೂಯಿಸ್ ರೋಸೆನ್‌ಬ್ಲಾಟ್ ಎಂಬ ಅಧ್ಯಾಪಕಿ ಇದ್ದರು. ಮಕ್ಕಳ ಓದಿನ ಬಗ್ಗೆ 1938ರಿಂದಲೇ ಬರೆದವರು. ಅವರು ಕೊಡುವ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಮಗು ಏನೋ ವಿಷ ಕುಡಿದಿದೆ. ತಾಯಿ ಬಾಟಲಿಯ ಮೇಲಿನ ಚೀಟಿ ಓದುತ್ತಿದ್ದಾಳೆ. ಅವಳಿಗೆ ಬೇಕಾದದ್ದು ಮದ್ದು ಏನು ಅನ್ನುವುದಷ್ಟೆ. ಇದು ಒಂದು ಬಗೆಯ ಓದು. ಕಥೆ ಓದುವಾಗ ಎದೆಯಲ್ಲಿ ಏನೇನೋ ಆಗುತ್ತಲ್ಲ, ಅದು ಇನ್ನೊಂದು ಬಗೆ. ‘ಸಾರಾಂಶ ಬರಿ’ ಅಂದಾಗ ನಾವು ಕಾದಂಬರಿಯನ್ನು ಬಾಟಲಿ ಚೀಟಿ ಮಾಡಿಬಿಡುತ್ತೇವೆ.

ಹಾಗಾಗಿ ಪ್ರಶ್ನೆ ಬದಲಾಯಿಸಿ ನೋಡಿ. ‘ಓದುತ್ತಾ ಎಲ್ಲಿ ನಿಂತೆ? ಯಾಕೆ ನಿಂತೆ?’ ಇಷ್ಟೇ ಕೇಳಿ. ನಗು ಬಂದ ಜಾಗ ಇರಬಹುದು, ಸಿಟ್ಟು ಬಂದದ್ದಿರಬಹುದು, ಅರ್ಥವೇ ಆಗದ್ದಿರಬಹುದು. ನಾಲ್ಕು ಸಾಲು ಸಾಕು. ಆಡುಮಾತಲ್ಲೇ ಬರೆಯಲಿ, ಬಿಡಿ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಿಂದಿನ ಬೆಂಚು, ಮಾತು ಕಮ್ಮಿ. ತೇಜಸ್ವಿಯವರ ‘ಕರ್ವಾಲೊ’ (ಹಳ್ಳಿಯ ಮಂದಣ್ಣನ ಜಾಣ್ಮೆಯನ್ನು ವಿಜ್ಞಾನಿ ಕರ್ವಾಲೊ ಗುರುತಿಸುವ ಕಾದಂಬರಿ) ತಾನಾಗೇ ಓದಿ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದ: ‘ನಮ್ ಚಿಕ್ಕಪ್ಪನೂ ಮಂದಣ್ಣನಂಗೇಯ ಸಾ. ನೊಣ ಹಾರೋ ದಿಕ್ಕು ನೋಡಿ ಜೇನು ಎಲ್ಲೈತೆ ಅಂತ ಯೋಳ್ತಾನೆ. ಮನೇಲಿ ಎಲ್ಲಾರೂ ದಂಡಪಿಂಡ ಅಂತಾರೆ. ಕರ್ವಾಲೊ ಥರದೋರು ನಮ್ಮೂರಿಗೆ ಯಾಕೆ ಬರಕಿಲ್ಲ?’

ಇದಕ್ಕೆ ಎಷ್ಟು ಅಂಕ ಕೊಡುತ್ತೀರಿ? ನಾನು ಕೊಡಲಿಲ್ಲ. ಕೆಳಗೆ ಪೆನ್ಸಿಲ್‌ನಲ್ಲಿ ಎರಡು ಪ್ರಶ್ನೆ ಬರೆದೆ. ‘ನಿನ್ನ ಚಿಕ್ಕಪ್ಪನಿಗೆ ಇನ್ನೇನೇನು ಗೊತ್ತು? ಮಂದಣ್ಣ ದಂಡಪಿಂಡ ಅಲ್ಲ ಅಂತ ನಿನಗೆ ಪುಸ್ತಕದ ಯಾವ ಪುಟದಲ್ಲಿ ಗೊತ್ತಾಯ್ತು?’ ಮುಂದಿನ ವಾರ ಒಂದೂವರೆ ಪುಟ ಬಂತು. ಆ ಎರಡನೇ ಪ್ರಶ್ನೆಗಾಗಿ ಅವನು ಪುಸ್ತಕ ಮತ್ತೆ ತೆಗೆದಿದ್ದ, ಮೂರು ಕಡೆ ಪುಟದ ನಂಬರ್ ಹಾಕಿದ್ದ. ಆ ಎರಡನೇ ಪ್ರಶ್ನೆ ಕೇಳುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಮಾತೆಲ್ಲ ಚಿಕ್ಕಪ್ಪನ ಮೇಲೇ ಹೋಗಿ ಪುಸ್ತಕ ಕೈಬಿಟ್ಟುಹೋಗುತ್ತದೆ. ಓದುಗರದ್ದು ಎಷ್ಟು ಮುಖ್ಯವೋ ಪುಸ್ತಕದಲ್ಲಿ ಇರುವುದೂ ಅಷ್ಟೇ ಮುಖ್ಯ ಅಂತ ರೋಸೆನ್‌ಬ್ಲಾಟ್ ಕೂಡ ಹೇಳಿದ್ದರು. ‘ನನಗೆ ಹಾಗನ್ನಿಸಿತು’ ಅಂದಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ.

ಹೀಗೆ ಶಿಕ್ಷಕರೂ ಮಕ್ಕಳೂ ನೋಟ್‌ಬುಕ್ಕಿನಲ್ಲೇ ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳುವುದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಮೇನ್ ರಾಜ್ಯದ ಶಿಕ್ಷಕಿ ನ್ಯಾನ್ಸಿ ಆಟ್‌ವೆಲ್ ತಮ್ಮ ಮಕ್ಕಳೊಡನೆ ಮಾಡಿ, 1987ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ‘ಅಲ್ಲಿ ಮಕ್ಕಳು ಕಮ್ಮಿ, ನನಗೆ 60 ಜನ’ ಅಂತೀರಿ, ಅಲ್ವಾ? ವಾರಕ್ಕೆ 12 ನೋಟ್‌ಬುಕ್ ತೆಗೆದುಕೊಳ್ಳಿ. ಐದು ವಾರಕ್ಕೆ ಒಂದು ಸುತ್ತು. ಕೆಂಪು ಪೆನ್ನು ಬೇಡ. ಕಾಗುಣಿತದ ತಪ್ಪು ಇದ್ದೇ ಇರುತ್ತದೆ, ಅದಕ್ಕೆ ಬೇರೆ ಪೀರಿಯಡ್ ಇದೆ. ಅಂಕ ಹಾಕಲೇಬೇಕು ಅಂದರೆ ಬರೆದದ್ದಕ್ಕೆ ಹಾಕಿ, ಏನನ್ನಿಸಿತು ಅನ್ನುವುದಕ್ಕೆ ಹಾಕಬೇಡಿ.

ಪುಸ್ತಕ ಇಲ್ಲದ ಮಕ್ಕಳನ್ನು ಊರಿನ ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಕಳಿಸಿ. 2020ರಲ್ಲಿ ಮಕ್ಕಳ ಓದಿಗೆಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಮಗಳು ಹತ್ತನೇ ತರಗತಿ. ಹರೆಯದವರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿಗಳನ್ನು ಒಂದಾದ ಮೇಲೊಂದು ಓದುತ್ತಾಳೆ. ಒಂದನ್ನು ತೆಗೆದು ನೋಡಿದೆ. ಪ್ರೀತಿ, ಸಿಗರೇಟು, ಆತ್ಮಹತ್ಯೆ ಎಲ್ಲಾ ಇದೆ. ರಾತ್ರಿ ಓದುತ್ತಾ ಅಳುತ್ತಾಳೆ. ಏನೆಂದು ಕೇಳಿದರೆ ‘ಏನಿಲ್ಲಮ್ಮ, ಸುಮ್ನೆ’ ಅನ್ನುತ್ತಾಳೆ. ಪುಸ್ತಕ ಕಿತ್ತಿಡಬೇಕಾ?

ಉತ್ತರ: ಕಿತ್ತಿಟ್ಟರೆ ಫೋನಿನಲ್ಲಿ ಓದುತ್ತಾಳೆ ಅಮ್ಮ, ಆಗ ನಿಮಗೆ ಕಾಣುವುದೂ ಇಲ್ಲ.

ಇಂಥ ಕಾದಂಬರಿಗಳ ಮೂಲದಲ್ಲೇ ಒಬ್ಬಳು ಹೈಸ್ಕೂಲು ಹುಡುಗಿ ಇದ್ದಾಳೆ. ಅಮೆರಿಕದ ಎಸ್. ಇ. ಹಿಂಟನ್ ಎಂಬಾಕೆ ತನ್ನ ಸುತ್ತಲಿನ ಹುಡುಗರ ಗುಂಪು ಜಗಳ, ಬಡತನ, ಸಾವು ಇವನ್ನೆಲ್ಲ ಕಾದಂಬರಿ ಮಾಡಿದಳು. 1967ರಲ್ಲಿ ಅದು ಅಚ್ಚಾದಾಗ ಅವಳಿಗೆ 18 ವರ್ಷ. ಆಮೇಲೆ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಅದನ್ನೇ ಓದಿಸಿದರು. ನಮ್ಮಲ್ಲಿ ಈ ವಯಸ್ಸಿನವರಿಗೆಂದೇ ಬರೆದದ್ದು ಕಮ್ಮಿ. ಬಾಲಕಥೆ ಮುಗಿಸಿದವರು ಸೀದಾ ದೊಡ್ಡವರ ಕಾದಂಬರಿಗೆ ಹಾರುತ್ತಾರೆ. ನಾವೂ ಹಾಗೇ ಹಾರಿದವರು. ಅಮ್ಮಂದಿರ ವಾರಪತ್ರಿಕೆಯ ಧಾರಾವಾಹಿಗಳನ್ನು ಕದ್ದು ಓದಿ ಅತ್ತಿಲ್ಲವೇ?

ಅವಳು ಮುಗಿಸಿದ ಪುಸ್ತಕ ನೀವೂ ಓದಿ, ಪೂರ್ತಿಯಾಗಿ. ಒಂದು ಪುಟ ಕಣ್ಣಾಡಿಸಿ ತೀರ್ಪು ಕೊಡುವುದು ಬೇಡ. ಆಮೇಲೆ ಬೆಳಗ್ಗೆ ಕಾಫಿ ಹೊತ್ತಿಗೆ, ‘ಆ ಹುಡುಗನ ತಾಯಿಗೆ ಅಷ್ಟೂ ಗೊತ್ತಾಗಲಿಲ್ವಾ ಅಂತ ನನಗೆ ಸಿಟ್ಟು ಬಂತು ಕಣೆ’ ಅಂತ ನಿಮಗನ್ನಿಸಿದ್ದು ಹೇಳಿ ಎದ್ದು ಹೋಗಿ. ಉತ್ತರಕ್ಕೆ ಕಾಯಬೇಡಿ. ಫ್ರೆಂಚ್ ಲೇಖಕ ದನಿಯೆಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಬರೆದರು. ಕೊನೆಯದು, ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ಅದು ಮಗಳಿಗೂ ಇದೆ.

ಒಂದು ವಿಷಯದಲ್ಲಿ ಮಾತ್ರ ಸುಮ್ಮನಿರಬೇಡಿ. ಕಥೆಯ ಪಾತ್ರವನ್ನು ಬಿಟ್ಟು ತನ್ನ ಬಗ್ಗೆಯೇ ‘ಬದುಕು ಸಾಕು’ ಎಂಬ ಮಾತು ಬಂದರೆ, ಊಟ ನಿದ್ದೆ ಕೆಟ್ಟರೆ, ಅದು ಪುಸ್ತಕದ ವಿಷಯವಲ್ಲ. ನೇರವಾಗಿ ಕೇಳಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಕಾದಂಬರಿ ಅರ್ಧ ಓದಿ ಬಿಟ್ಟೆ ಸರ್, ಬೋರ್ ಆಯ್ತು. ಅದರ ಬಗ್ಗೆ ಬರೀಬಹುದಾ?

ಉತ್ತರ: ಧಾರಾಳವಾಗಿ ಬರಿ ಮರಿ. ಯಾವ ಪುಟದಲ್ಲಿ ಬಿಟ್ಟೆ, ಆ ಪುಟದಲ್ಲಿ ಏನು ನಡೀತಿತ್ತು, ಅದಕ್ಕೂ ಮುಂಚೆ ಯಾವುದಾದರೂ ಸಾಲಿನಲ್ಲಿ ‘ಇದು ಚೆನ್ನಾಗಿದೆ’ ಅನ್ನಿಸಿತ್ತಾ, ಇಷ್ಟು ಬರಿ. ಅರ್ಧಕ್ಕೆ ಬಿಡುವುದೂ ಆ ಹತ್ತು ಹಕ್ಕುಗಳಲ್ಲಿ ಒಂದು. ನನ್ನ ಕಪಾಟಿನಲ್ಲೂ ಒಂದು ದಪ್ಪ ಕಾದಂಬರಿ ಇದೆ. 112ನೇ ಪುಟದಲ್ಲಿ ಮೈಸೂರು-ಮಂಡ್ಯ ಬಸ್ ಟಿಕೆಟ್ ಇನ್ನೂ ಹಾಗೇ ಇದೆ, ಅಕ್ಷರ ಮಾತ್ರ ಅಳಿಸಿಹೋಗಿದೆ.