ತಿಳಿಯಾದ ನೀರು ಮತ್ತೆ ಹಸಿರಾಗುವುದೇಕೆ?

ಪ್ರಶ್ನೆ: ನಾವು ಬೆಂಗಳೂರಿನ 200 ಮನೆಗಳ ಅಪಾರ್ಟ್‌ಮೆಂಟ್‌ನಲ್ಲಿ ವಾಸವಾಗಿದ್ದೇವೆ. ನಮ್ಮ ಎಸ್‌ಟಿಪಿಯಿಂದ (ಕೊಳಚೆ ನೀರಿನ ಶುದ್ಧೀಕರಣ ಘಟಕದಿಂದ) ಹೊರಬರುವ ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೆ ಅದನ್ನು ತುಂಬಿಸಿದ ಉದ್ಯಾನದ ಕೊಳ ಕೆಲವೇ ದಿನಗಳಲ್ಲಿ ಪಾಚಿಗಟ್ಟುತ್ತದೆ. ತೆಂಗಿನ ಚಿಪ್ಪಿನ ಇದ್ದಿಲಿನ ಫಿಲ್ಟರ್ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಕಡಿಮೆ ಖರ್ಚಿನ ಉಪಾಯವೇನಾದರೂ ಇದೆಯೇ?

ಉತ್ತರ: ನಿಮ್ಮ ಎಸ್‌ಟಿಪಿ ಕೆಟ್ಟಿದೆ ಎಂದು ಭಾವಿಸಬೇಡಿ. ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಕೊಳೆಯುವ ಪದಾರ್ಥಗಳನ್ನು ಅವುಗಳಿಂದ ತಿನ್ನಿಸುವುದು ಇಂತಹ ಘಟಕಗಳ ಮುಖ್ಯ ಕೆಲಸ. ಆದರೆ ಮಲಮೂತ್ರ ಮತ್ತು ಸೋಪಿನ ಪುಡಿಯಿಂದ ಬಂದ ಸಾರಜನಕ ಹಾಗೂ ರಂಜಕಗಳು, ಅಂದರೆ ಹೊಲಕ್ಕೆ ಹಾಕುವ ಗೊಬ್ಬರದಲ್ಲಿರುವ ಅವೇ ಪೋಷಕಾಂಶಗಳು, ಬಹುಪಾಲು ಆ ತಿಳಿನೀರಿನಲ್ಲಿ ಕರಗಿಕೊಂಡೇ ಉಳಿದಿರುತ್ತವೆ. ಹೀಗಾಗಿ ಕೊಳಕ್ಕೆ ನೀವು ತುಂಬಿಸುತ್ತಿರುವುದು ತೆಳುವಾದ ಗೊಬ್ಬರದ ನೀರು.

ಇವೆರಡರಲ್ಲಿ ಮೊದಲು ಹಿಡಿಯಬೇಕಾದದ್ದು ರಂಜಕವನ್ನು. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು ಒಂದು ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಒಂದು ಕಡೆಗೆ ಇಂಗಾಲ ಮತ್ತು ಸಾರಜನಕವನ್ನಷ್ಟೇ, ಇನ್ನೊಂದು ಕಡೆಗೆ ಅವುಗಳ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರಾಯಿತು. ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಸಾರಜನಕಕ್ಕೆ ಅನಿಲವಾಗಿ ಗಾಳಿ ಸೇರುವ ದಾರಿಯಿದೆ, ಬ್ಯಾಕ್ಟೀರಿಯಾಗಳೇ ಆ ಕೆಲಸ ಮಾಡಬಲ್ಲವು. ರಂಜಕಕ್ಕೆ ಆ ದಾರಿಯಿಲ್ಲ. ಅದನ್ನು ಯಾವುದಾದರೂ ಘನವಸ್ತುವಿಗೆ ಅಂಟಿಸಿಯೇ ನೀರಿನಿಂದ ಹೊರತೆಗೆಯಬೇಕು. ಹೀಗೆ ಕರಗಿದ ಪದಾರ್ಥವು ಘನವಸ್ತುವಿನ ಮೈಗೆ ಅಂಟಿಕೊಳ್ಳುವುದನ್ನು ಪಠ್ಯಪುಸ್ತಕಗಳಲ್ಲಿ ಅಧಿಶೋಷಣೆ ಎನ್ನುತ್ತಾರೆ.

ಇದ್ದಿಲು ಸೋತದ್ದೇಕೆಂದರೆ, ಬಣ್ಣ, ವಾಸನೆ ಮತ್ತು ಸಾವಯವ ಅಂಶಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆಯೇ ಹೊರತು ಫಾಸ್ಫೇಟನ್ನು, ಅಂದರೆ ನೀರಿನಲ್ಲಿ ಕರಗಿದ ರೂಪದ ರಂಜಕವನ್ನು, ಹಿಡಿಯುವುದಿಲ್ಲ. ಫಾಸ್ಫೇಟ್ ಋಣ ವಿದ್ಯುದಂಶವುಳ್ಳದ್ದು, ಸಸ್ಯಮೂಲದ ಇದ್ದಿಲಿನ ಮೈಯೂ ಸಾಮಾನ್ಯವಾಗಿ ಋಣವೇ. ಫಾಸ್ಫೇಟಿಗೆ ನಿಜವಾದ ಒಲವಿರುವುದು ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಮತ್ತು ಲ್ಯಾಂಥನಮ್‌ಗಳ ಮೇಲೆ. ಆದ್ದರಿಂದ ಮುರಕಲ್ಲು ಎಂಬ ಕೆಂಪುಕಲ್ಲು, ಉಕ್ಕಿನ ಕಾರ್ಖಾನೆಯ ಕಿಟ್ಟ, ಸುಟ್ಟ ಮೊಟ್ಟೆಯ ಸಿಪ್ಪೆ, ಕುಡಿಯುವ ನೀರನ್ನು ಪಟಿಕ ಹಾಕಿ ತಿಳಿಗೊಳಿಸುವಲ್ಲಿ ಉಳಿಯುವ ಕೆಸರು ಇವೆಲ್ಲ ನಿಮ್ಮ ಇದ್ದಿಲಿಗಿಂತ ಅಗ್ಗ, ಈ ಕೆಲಸಕ್ಕೆ ಅದಕ್ಕಿಂತ ಯೋಗ್ಯ.

ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ ನೋಡಿ. ಮನೆಗೆ ನಾಲ್ವರಂತೆ, ತಲೆಗೆ 100 ಲೀಟರಿನಂತೆ ನಿಮ್ಮಲ್ಲಿ ದಿನಕ್ಕೆ 80,000 ಲೀಟರ್ ನೀರು ಹೊರಬರುತ್ತದೆ. ಲೀಟರಿಗೆ 5 ಮಿಲಿಗ್ರಾಂ ರಂಜಕವಿದೆಯೆಂದು ಇಟ್ಟುಕೊಂಡರೆ ದಿನಕ್ಕೆ 400 ಗ್ರಾಂ ಆಯಿತು. ಒಂದು ಕಿಲೋ ವಸ್ತು 5 ಗ್ರಾಂ ರಂಜಕ ಹಿಡಿಯುತ್ತದೆಂದು ಉದಾರವಾಗಿ ಊಹಿಸಿದರೂ ದಿನವೂ 80 ಕಿಲೋ ವಸ್ತು ಬೇಕು, ಮತ್ತು ಅಷ್ಟೇ ವಸ್ತುವನ್ನು ದಿನವೂ ತೆಗೆದುಹಾಕಬೇಕು. ಇದು ನಡೆಯುವ ಮಾತಲ್ಲ. ಆದರೆ ಎಲ್ಲ ನೀರಿನಿಂದಲೂ ರಂಜಕ ತೆಗೆಯಬೇಕೆಂದು ಯಾರು ಹೇಳಿದರು? ಶೌಚಾಲಯದ ಫ್ಲಶ್‌ಗೆ ಹೋಗುವ ನೀರಿನಲ್ಲಿ ಅದಿದ್ದರೆ ತೊಂದರೆಯಿಲ್ಲ. ಗಿಡಗಳಿಗಂತೂ ಅದು ಆಹಾರವೇ, ಉದ್ಯಾನದ ಕೆಮ್ಮಣ್ಣಿಗಿಂತ ಅಗ್ಗದ ಅಧಿಶೋಷಕವನ್ನು ನಾನು ಕಾಣೆ. ಕೊಳದಲ್ಲಿ ಆವಿಯಾದಷ್ಟು ನೀರನ್ನು ತುಂಬಲು ದಿನಕ್ಕೆ 2,000 ಲೀಟರ್ ಸಾಕಾದರೆ, ಹಿಡಿಯಬೇಕಾದ ರಂಜಕ 10 ಗ್ರಾಂ ಮಾತ್ರ, ಬೇಕಾದ ವಸ್ತು ತಿಂಗಳಿಗೆ 60 ಕಿಲೋ. ಇಷ್ಟನ್ನು ಎರಡು ಡ್ರಮ್ಮುಗಳಲ್ಲಿ ನಿಭಾಯಿಸಬಹುದು.

ಡ್ರಮ್ಮಿನ ಒಳಗಿನ ವಸ್ತು ಯಾವಾಗ ತುಂಬಿತೆಂದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಒಳಹೋಗುವ ನೀರೂ ತಿಳಿ, ಹೊರಬರುವ ನೀರೂ ತಿಳಿ. ಅಕ್ವೇರಿಯಂ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಫಾಸ್ಫೇಟ್ ಕಿಟ್ ಇದಕ್ಕೆ ಸಾಕು. ನಳಿಕೆಯಲ್ಲಿ ನೀರು ತೆಗೆದುಕೊಂಡು, ಮಾಲಿಬ್ಡೇಟ್ ಇರುವ ಆಮ್ಲೀಯ ದ್ರಾವಣವನ್ನೂ ಆಮೇಲೆ ಎರಡನೆಯ ದ್ರಾವಣವನ್ನೂ ಹನಿಸಿ ಕೆಲವು ನಿಮಿಷ ಕಾದರೆ, ಫಾಸ್ಫೇಟ್ ಇರುವ ನೀರು ನೀಲಿಗೆ ತಿರುಗುತ್ತದೆ. ಹೆಚ್ಚಿದ್ದರೆ ಶಾಯಿಯಂತೆ ಗಾಢ ನೀಲಿ, ಕಡಿಮೆಯಿದ್ದರೆ ಬಿಳಿಯ ಕಾಗದ ಹಿಂದೆ ಹಿಡಿದಾಗಷ್ಟೇ ಕಾಣುವ ತೆಳು ನೀಲಿ. ವಾರಕ್ಕೊಮ್ಮೆ ಈ ಪರೀಕ್ಷೆ ಮಾಡಿ, ಹೊರಬರುವ ನೀರಿನ ನೀಲಿ ಗಾಢವಾಗತೊಡಗಿದ ದಿನ ವಸ್ತುವನ್ನು ಬದಲಿಸಿ. ಲೀಟರಿಗೆ 0.1 ಮಿಲಿಗ್ರಾಂ ರಂಜಕವೇ ಕೊಳವನ್ನು ಹಸಿರಾಗಿಸಲು ಸಾಕು ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟ. ದನದ ಹಟ್ಟಿ ತೊಳೆದ ನೀರು ತೋಡಿಗೆ ಸೇರುತ್ತಿದೆ. ಕೆಂಪುಕಲ್ಲು ಕೋರೆಯ ಪುಡಿ ಹತ್ತಿರದಲ್ಲೇ ಬೇಕಾದಷ್ಟು ಬಿದ್ದಿದೆ. ಅದರಲ್ಲಿ ಈ ನೀರನ್ನು ಸೋಸಬಹುದೇ?

ಉತ್ತರ: ಸೋಸಬಹುದು. ಮುರಕಲ್ಲಿಗೆ ಆ ಕೆಂಪು ಬಂದದ್ದು ಕಬ್ಬಿಣದ ಆಕ್ಸೈಡಿನಿಂದ, ಅಲ್ಯೂಮಿನಿಯಂ ಕೂಡ ಅದರಲ್ಲಿ ಸಾಕಷ್ಟಿದೆ. ತೋಟಕ್ಕೆ ಹಾಕಿದ ರಂಜಕದ ಗೊಬ್ಬರವನ್ನು ಹುಳಿ ಕೆಮ್ಮಣ್ಣು ಬಿಗಿಯಾಗಿ ಹಿಡಿದುಕೊಂಡು ಗಿಡಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದನ್ನು ನೀವು ಅನುಭವದಿಂದಲೇ ಬಲ್ಲಿರಿ. ಬೇಸಾಯದಲ್ಲಿ ತಾಪತ್ರಯವಾದ ಆ ಗುಣವೇ ತೋಡಿನ ನೀರಿಗೆ ರಕ್ಷಣೆಯಾಗುತ್ತದೆ. ಆದರೆ ಪುಡಿಯನ್ನು ಹಾಗೆಯೇ ತುಂಬಬೇಡಿ, ಎರಡೇ ದಿನಕ್ಕೆ ಕೆಸರುಗಟ್ಟಿ ನೀರು ಇಳಿಯುವುದು ನಿಲ್ಲುತ್ತದೆ. ಜರಡಿ ಹಿಡಿದು, ಕಡಲೆಕಾಳಿನ ಗಾತ್ರದ ಚೂರುಗಳನ್ನಷ್ಟೇ ಬಳಸಿ. ಸೆಗಣಿಯ ಗಸಿ ಮೊದಲು ಒಂದು ಗುಂಡಿಯಲ್ಲಿ ತಂಗಲಿ. ಚೂರುಗಳ ನಡುವೆ ಕೊಳೆತು ಆಮ್ಲಜನಕ ತೀರಿಹೋದರೆ ಕಬ್ಬಿಣದ ರೂಪ ಬದಲಾಗಿ, ಹಿಡಿದಿಟ್ಟ ರಂಜಕ ಮತ್ತೆ ನೀರಿಗೆ ಬರುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮೊದಲ ಸಲಹೆ ಬೇರೆಯೇ: ಆ ನೀರನ್ನು ಸಾಧ್ಯವಾದಷ್ಟೂ ಅಡಿಕೆ ಬುಡಕ್ಕೇ ಹಾಯಿಸಿ, ಮಳೆಗಾಲದಲ್ಲಿ ಹಾಯಿಸಲಾಗದೆ ಹರಿದುಹೋಗುವ ಪಾಲಿಗೆ ಮಾತ್ರ ಈ ಸೋಸುಗುಂಡಿ ಇರಲಿ.

ಪ್ರಶ್ನೆ: ನಾನು ಕೋಲಾರದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿನಿ. ಹಣ್ಣಿನ ಸಿಪ್ಪೆ, ಭತ್ತದ ಹೊಟ್ಟು, ಹಾರುಬೂದಿಗಳು ಶೇ 95ರಷ್ಟು ಫಾಸ್ಫೇಟ್ ತೆಗೆಯುತ್ತವೆಂದು ಪ್ರಬಂಧಗಳಲ್ಲಿ ಓದುತ್ತೇನೆ. ಹಾಗಿದ್ದರೆ ಬೆಂಗಳೂರಿನಿಂದ ನಮ್ಮ ಕೆರೆಗಳಿಗೆ ಬರುವ ಕೆ.ಸಿ. ವ್ಯಾಲಿ ಯೋಜನೆಯ ನೀರಿಗೆ ಇವನ್ನು ಏಕೆ ಬಳಸಬಾರದು? ಬೋರ್‌ವೆಲ್ಲಿನ ನೈಟ್ರೇಟಿಗೂ ಇವು ಆಗುತ್ತವೆಯೇ?

ಉತ್ತರ: ಆ ಶೇಕಡಾವಾರು ಅಂಕಿಯನ್ನು ನೆಚ್ಚಬೇಡಿ. ಬಟ್ಟಿ ಇಳಿಸಿದ ನೀರಿಗೆ ಫಾಸ್ಫೇಟ್ ಬೆರೆಸಿ, ಅದಕ್ಕೆ ಧಾರಾಳವಾಗಿ ಪುಡಿ ಸುರಿದು ಗಂಟೆಗಟ್ಟಲೆ ಅಲುಗಾಡಿಸಿದರೆ ಯಾವ ವಸ್ತುವಾದರೂ ಒಳ್ಳೆಯ ಅಂಕ ಪಡೆಯುತ್ತದೆ. ನಿಜವಾದ ಕೊಳಚೆ ನೀರಿನಲ್ಲಿ ಬೈಕಾರ್ಬೊನೇಟ್ ಮತ್ತು ಸಾವಯವ ಆಮ್ಲಗಳು ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ, ಮೇಲೆ ಲೋಳೆ ಕಟ್ಟುತ್ತದೆ. ನ್ಯೂಜಿಲೆಂಡಿನ ವಾಯುಕು ಪಟ್ಟಣದಲ್ಲಿ ಉಕ್ಕಿನ ಕಿಟ್ಟದ ದೊಡ್ಡ ಸೋಸುಹಾಸುಗಳು ಮೊದಲ 5 ವರ್ಷ ರಂಜಕದ ಸುಮಾರು ಮುಕ್ಕಾಲು ಪಾಲನ್ನು ಹಿಡಿದು, ಆಮೇಲೆ ಸೊರಗಿದವು. ಒಂದು ಕಿಲೋ ಕಿಟ್ಟ ಅಷ್ಟು ಕಾಲದಲ್ಲಿ ಹಿಡಿದದ್ದು ಸುಮಾರು 1.2 ಗ್ರಾಂ.

ಈಗ ಕೆ.ಸಿ. ವ್ಯಾಲಿಯ ಲೆಕ್ಕಕ್ಕೆ ಬನ್ನಿ. 2018ರಿಂದ ನಿಮ್ಮ ಜಿಲ್ಲೆಯ ಕೆರೆಗಳಿಗೆ ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವವರೆಗೆ, ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ಬರುತ್ತಿದೆ, ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಮೇಲಿನಂತೆಯೇ ಲೀಟರಿಗೆ 5 ಮಿಲಿಗ್ರಾಂ ಹಿಡಿದರೆ ದಿನಕ್ಕೆ 2.2 ಟನ್ ರಂಜಕ, ಅದನ್ನು ಹಿಡಿಯಲು 440 ಟನ್ ವಸ್ತು, ಅಂದರೆ ದಿನವೂ ಹತ್ತು ಟನ್ನಿನ 44 ಲಾರಿ ಲೋಡು. ಅಷ್ಟು ದೊಡ್ಡ ಹರಿವಿಗೆ ಬೆಂಗಳೂರಿನಲ್ಲೇ, ಘಟಕದ ಒಳಗೇ, ಬ್ಯಾಕ್ಟೀರಿಯಾಗಳ ಮೂಲಕ ಮತ್ತು ಪಟಿಕ ಅಥವಾ ಕಬ್ಬಿಣದ ಲವಣ ಬೆರೆಸಿ ರಂಜಕ ತೆಗೆಯುವ ಮೂರನೇ ಹಂತವೇ ಸರಿಯಾದ ದಾರಿ. ಆ ಬೇಡಿಕೆಯನ್ನು ಕೋಲಾರದ ಜನ ಕೈಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಸಂಶೋಧನೆಗೆ ಹಳ್ಳಿಯ ಚರಂಡಿ, ಹಾಸ್ಟೆಲಿನ ಬಚ್ಚಲು ನೀರಿನಂತಹ ಸಣ್ಣ ಹರಿವುಗಳನ್ನು ಆರಿಸಿಕೊಳ್ಳಿ. ನಿಜವಾದ ಕೊಳಚೆ ನೀರನ್ನೇ ಕೊಳವೆಯ ಮೂಲಕ ವಾರಗಟ್ಟಲೆ ಹರಿಸಿ, ಒಂದು ಕಿಲೋ ವಸ್ತು ಎಷ್ಟು ಗ್ರಾಂ ಹಿಡಿಯಿತೆಂದು ಬರೆಯಿರಿ. ಬಳಸಿದ ವಸ್ತುವಿನ ಗತಿಯೇನೆಂಬುದನ್ನೂ ಅದೇ ಪ್ರಬಂಧದಲ್ಲಿ ಹೇಳಿ. ಹಾರುಬೂದಿ ಮತ್ತು ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರಿನಿಂದ ಭಾರಲೋಹಗಳು ಬಿಡುಗಡೆಯಾಗಬಹುದಾದ್ದರಿಂದ ಆ ಪರೀಕ್ಷೆಯಿಲ್ಲದೆ ಅವನ್ನು ಹೊಲಕ್ಕೆ ಹಾಕುವಂತಿಲ್ಲ.

ನೈಟ್ರೇಟಿನ ವಿಷಯದಲ್ಲಿ ಮಾತ್ರ ನಿಮಗೆ ಭರವಸೆ ಕೊಡಲಾರೆ. ಸಾರಜನಕವು ಅಮೋನಿಯಂ ರೂಪದಲ್ಲಿದ್ದರೆ ಜಿಯೊಲೈಟ್ ಎಂಬ ಖನಿಜ ಅದನ್ನು ಹಿಡಿಯುತ್ತದೆ. ನೈಟ್ರೇಟ್ ಆದ ಮೇಲೆ ಸಿಪ್ಪೆ, ಹೊಟ್ಟು, ಕಲ್ಲುಗಳಿಗೆ ಅದು ಅಂಟುವುದು ಅತ್ಯಲ್ಪ. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಭಾರತೀಯ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ಎಳೆಯ ಶಿಶುಗಳ ಹಾಲಿನ ಪುಡಿ ಕಲಸಲು ಖಂಡಿತ ಬಳಸಬೇಡಿ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.