ಅಪ್ಪ ಅಮ್ಮನನ್ನು ಅಬಾಗೆ ವಿಮಾನದಲ್ಲಿ ಕರೆದುಕೊಂಡು ಹೋಗಬೇಡಿ

ಚೀನಾದ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡುವಿನಿಂದ ನಾಲ್ಕು ದಿನ, ಜೊತೆಗೆ ಅಪ್ಪ ಅಮ್ಮ, ಟಿಬೆಟ್ ಪರ್ಮಿಟ್ ಇಲ್ಲ, ಹಾಗಾಗಿ ಅದೇ ಪ್ರಾಂತ್ಯದ ಬೆಟ್ಟದ ಸೀಮೆ ಅಬಾಗೆ ಹೋಗಿ "ಮಿನಿ ಟಿಬೆಟ್" ನೋಡೋಣ. ವಿಮಾನ ವಾಸಿಯಾ, ರೈಲಾ? ಇಷ್ಟೇ ಅಲ್ವಾ ನೀವು ಬರೆದು ಕೇಳಿದ ಪ್ರಶ್ನೆ? 2016ರ ಅಕ್ಟೋಬರ್‌ನಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ.

ಆಗ ನಾನು ಚೆಂಗ್ಡುವಿನಲ್ಲಿ ಕೆಲಸದಲ್ಲಿದ್ದೆ. ಅಪ್ಪ ಪಿರಿಯಾಪಟ್ಟಣದ ಕಡೆಯಿಂದ ನನ್ನನ್ನು ನೋಡೋಕೆ ಬಂದಿದ್ದರು. 64 ವರ್ಷ, ಜೀವನವಿಡೀ ಹೊಲದಲ್ಲಿ ದುಡಿದ ಗಟ್ಟಿ ದೇಹ. ಅಬಾದ ಜಿಯುಝೈಗೋ ಕಣಿವೆಯ ಕೊಳಗಳ ಫೋಟೋ ತೋರಿಸಿದಾಗ "ನೀರು ಇಷ್ಟು ನೀಲಿ ಇರೋದುಂಟಾ?" ಅಂದಿದ್ದರು. ಬಸ್ಸಿನಲ್ಲಾದರೆ ಒಂದಿಡೀ ದಿನ, ವಿಮಾನದಲ್ಲಿ ಒಂದು ಗಂಟೆಯೂ ಇಲ್ಲ. ಸಮಯ ಉಳಿಯುತ್ತೆ ಅಂತ ವಿಮಾನ ಬುಕ್ ಮಾಡಿದೆ.

ನನ್ನ ತಪ್ಪು ಅದೊಂದೇ. ಅದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಅದನ್ನೇ ಮಾಡಲು ಹೊರಟಿದ್ದೀರಿ. ಚೆಂಗ್ಡು ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ. ಜಿಯುಝೈ ಹುವಾಂಗ್‌ಲಾಂಗ್ ವಿಮಾನ ನಿಲ್ದಾಣ 3,448 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 1,900 ಚಿಲ್ಲರೆ. ನಾನು ಕಿಲೋಮೀಟರ್ ನೋಡಿದೆ, ಗಂಟೆ ನೋಡಿದೆ, ಟಿಕೆಟ್ ದರ ನೋಡಿದೆ. ಎತ್ತರ ಎಷ್ಟು ಅಂತ ಮಾತ್ರ ನೋಡಲೇ ಇಲ್ಲ. ಅಷ್ಟು ಮೇಲೆ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲು. ದೇಹಕ್ಕೆ ಅದು ಒಗ್ಗೋಕೆ ದಿನಗಳು ಬೇಕು, ನಾನು ಕೊಟ್ಟಿದ್ದು ಮುಕ್ಕಾಲು ಗಂಟೆ. ಇನ್ನೂ ಮೋಸದ ವಿಷಯ ಏನಂದ್ರೆ, ಇಳಿದ ತಕ್ಷಣ ಏನೂ ಆಗಲ್ಲ. ತೊಂದರೆ ಶುರುವಾಗೋದು ಆರು, ಎಂಟು, ಹನ್ನೆರಡು ಗಂಟೆ ಕಳೆದ ಮೇಲೆ. ಅಪ್ಪ ಲಗೇಜ್ ಎತ್ತಿಕೊಂಡು ಆರಾಮಾಗಿ ನಡೆದರು. ಚೆನ್ನಾಗಿದ್ದಾರಲ್ಲ ಅಂತ ಅವತ್ತೇ ಹುವಾಂಗ್‌ಲಾಂಗ್ ಕಣಿವೆಗೆ ಕರೆದೊಯ್ದೆ. ಅದೂ 3,500 ಮೀಟರ್ ಆಸುಪಾಸು. ಮೆಟ್ಟಿಲು ಹತ್ತಿಸಿದೆ. ಸುಣ್ಣಕಲ್ಲಿನ ಹಳದಿ ಕಟ್ಟೆಗಳ ನಡುವೆ ನಿಂತ ಆ ನೀರನ್ನು ಅಪ್ಪ ಖುಷಿಯಾಗಿ ನೋಡಿದರು, ನಿಜ.

ರಾತ್ರಿ ಉಳಿದಿದ್ದು ಚುವಾನ್‌ಝುಸಿ ಊರಿನಲ್ಲಿ, ಅದೂ ಸುಮಾರು 3,000 ಮೀಟರ್. ಊಟ ಬೇಡ ಅಂದರು. ಹತ್ತಕ್ಕೆ ತಲೆನೋವು, ಒಂದು ಗಂಟೆಗೆ ವಾಂತಿ. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತಿದ್ದರು. ಅಂಗಡಿಯಿಂದ ತಂದಿದ್ದ ಆಕ್ಸಿಜನ್ ಡಬ್ಬಿ ಹತ್ತು ನಿಮಿಷಕ್ಕೆ ಮುಗಿಯಿತು. ಕ್ಲಿನಿಕ್‌ನ ಡಾಕ್ಟರ್ ಬೆರಳಿಗೆ ಕ್ಲಿಪ್ ಹಾಕಿ ನೋಡಿ ಒಂದೇ ಮಾತು ಹೇಳಿದರು: "ಕೆಳಗೆ ಇಳಿಸಿ." ಬೆಳಕು ಹರಿಯುವ ಮೊದಲೇ ಕಾರು ಮಾಡಿಕೊಂಡು ಮಿನ್ ನದಿಯ ಕಣಿವೆ ಹಿಡಿದು ಕೆಳಗಿಳಿದೆವು. ಜಿಯುಝೈಗೋ ಟಿಕೆಟ್ ಜೇಬಿನಲ್ಲೇ ಉಳಿಯಿತು.

ನಾನು ವಿಮಾನದಲ್ಲಿ ಹಾರಿಸಿಬಿಟ್ಟಿದ್ದ ಆ ದಾರಿಯೇ ನಿಜವಾದ ಅಬಾ. ಟಿಬೆಟನ್ನರು ಈ ಸೀಮೆಯನ್ನು ಙಾವಾ ಅನ್ನುತ್ತಾರೆ. ಸೋಂಗ್‌ಪಾನ್‌ನಲ್ಲಿ ಮಿಂಗ್ ಕಾಲದ ಕೋಟೆ ಗೋಡೆ. ಚಹಾ ಮೇಲೆ ಹೋಗಿ ಕುದುರೆ ಕೆಳಗೆ ಬರುತ್ತಿದ್ದ ವ್ಯಾಪಾರದ ಊರು. ಇವತ್ತಿಗೂ ಅಲ್ಲಿ ಹುಯಿ ಮುಸ್ಲಿಮರ ಮಸೀದಿ ಇದೆ. ಇನ್ನೂ ಕೆಳಗೆ ಡಿಯೆಶಿ ಕೆರೆ. ಡ್ರೈವರ್ ಗಾಡಿ ನಿಲ್ಲಿಸಿ ಕೈ ತೋರಿಸಿದ: 1933ರ ಆಗಸ್ಟ್ 25ರ ಭೂಕಂಪದಲ್ಲಿ ಡಿಯೆಶಿ ಊರೇ ಹೋಯಿತು. ಬೆಟ್ಟ ಕುಸಿದು ನದಿಗೆ ಅಡ್ಡ ಬಿತ್ತು. ಒಂದೂವರೆ ತಿಂಗಳ ಮೇಲೆ ಆ ಕಟ್ಟೆ ಒಡೆದು ಕೆಳಗಿನ ಊರುಗಳೂ ಕೊಚ್ಚಿಹೋದವು. ಒಡೆಯದೆ ಉಳಿದ ಭಾಗವೇ ಈ ಕೆರೆ. ಅಪ್ಪ ಕಿಟಕಿ ಇಳಿಸಿ ತುಂಬ ಹೊತ್ತು ನೋಡಿದರು. ಅವರ ಮುಖಕ್ಕೆ ಬಣ್ಣ ಬಂದಿದ್ದನ್ನು ನಾನು ಗಮನಿಸಿದ್ದು ಅಲ್ಲೇ.

ಮಾವೋಶಿಯನ್ ಮುಟ್ಟಿದಾಗ 1,600 ಮೀಟರ್ ಆಸುಪಾಸು. "ಹಸಿವಾಗ್ತಿದೆ" ಅಂದರು. ಡ್ರೈವರ್ ತನಗೆ ಗೊತ್ತಿದ್ದ ಮನೆಗೆ ಕರೆದೊಯ್ದ. ಕಲ್ಲಿನ ಮನೆ, ಮಟ್ಟಸ ಮಾಳಿಗೆ, ಮಾಳಿಗೆಯ ಮೂಲೆಗಳಲ್ಲಿ ಬಿಳಿ ಕಲ್ಲು. ಅಂಗಳದಲ್ಲಿ ಒಬ್ಬ ಅಜ್ಜಿ ಮೊರದ ತುಂಬ ಕೆಂಪು ಸಿಪ್ಪೆ ಹರಡಿಕೊಂಡು ಕಪ್ಪು ಬೀಜ ಬೇರೆ ಮಾಡುತ್ತಿದ್ದರು. ಕಾಲಲ್ಲಿ ಹೂವಿನ ಕಸೂತಿಯ ಬಟ್ಟೆ ಚಪ್ಪಲಿ. ಬೈಲುಕುಪ್ಪೆಯ ಪಕ್ಕದಲ್ಲೇ ಬದುಕಿದವರು ಅಪ್ಪ, ಕೈ ಮುಗಿದು ಟಿಬೆಟನ್ನರ ಹಾಗೆ "ತಾಶಿ ದೆಲೆಕ್" ಅಂದರು. ಅಜ್ಜಿ ನಕ್ಕು, ಅಲ್ಲ ಅಂತ ತಲೆ ಆಡಿಸಿದರು. ಅವರು ಟಿಬೆಟನ್ ಅಲ್ಲ, ಚಿಯಾಂಗ್. ತಮ್ಮನ್ನು ತಾವು ರ್ಮಾ ಅಂತ ಕರೆದುಕೊಳ್ಳುವ ಜನ. ಬೇರೆ ಭಾಷೆ, ಅದಕ್ಕೆ ಹಳೆಯ ಲಿಪಿ ಇಲ್ಲ. ಪೂಜೆ, ಕಥೆ, ವಂಶದ ನೆನಪು ಎಲ್ಲ ಶಿಬಿ ಅನ್ನುವ ಪೂಜಾರಿಗಳ ಬಾಯಲ್ಲಿ. ಬಿಳಿ ಕಲ್ಲೇ ಅವರಿಗೆ ದೇವರ ಗುರುತು. ಅಪ್ಪ ಒಂದು ಸಿಪ್ಪೆ ಬಾಯಿಗೆ ಹಾಕಿಕೊಂಡರು. ನಾಲಿಗೆ ಜುಮ್ ಅಂದಿತು. "ಇದು ನಮ್ಮ ಜುಮ್ಮನಕಾಯಿ ಕಣೋ!" ಅಂದರು. ನಿಜ, ಸಿಚುವಾನ್ ಮೆಣಸು ಅದರ ಹತ್ತಿರದ ನೆಂಟ. ಅಜ್ಜಿ ಒಂದು ಮುಷ್ಟಿ ಪೊಟ್ಟಣ ಕಟ್ಟಿ ಕೊಟ್ಟರು.

ಅದಕ್ಕೇ "ಮಿನಿ ಟಿಬೆಟ್" ಅನ್ನೋ ಮಾತನ್ನು ದಯವಿಟ್ಟು ಬಿಡಿ. ಅಬಾದಲ್ಲಿ ಚಿಯಾಂಗ್ ಜನ ಇರೋದು ಹೆಚ್ಚಾಗಿ ಮಿನ್ ಕಣಿವೆಯಲ್ಲಿ. ಉತ್ತರದ ಝೋಯಿಗೆ ಹುಲ್ಲುಗಾವಲಲ್ಲಿ ಯಾಕ್ ಮೇಯಿಸುವ ಅಮ್ದೋ ಟಿಬೆಟನ್ನರು. ಪಶ್ಚಿಮದಲ್ಲಿ, ಬಾರ್ಕಮ್ ಸುತ್ತ, ಬೇಸಾಯ ಮಾಡುವ ಗ್ಯಾಲ್‌ರೋಂಗ್ ಜನ. ಚೀನಾ ಸರ್ಕಾರದ ಲೆಕ್ಕದಲ್ಲಿ ಅವರೂ ಟಿಬೆಟನ್ನರೇ, ಆದರೆ ಮಾತು ಲಾಸಾದವರಿಗೆ ಅರ್ಥವಾಗಲ್ಲ. ಅವರ ಕಲ್ಲಿನ ಗೋಪುರಗಳನ್ನು ಮುರಿಯೋಕೆ ಚೀನಾದ ಚಿಯಾನ್‌ಲೋಂಗ್ ಚಕ್ರವರ್ತಿ ಎರಡು ಯುದ್ಧ ಮಾಡಬೇಕಾಯಿತು. ಎರಡನೆಯದು ಮುಗಿದಿದ್ದು 1776ರಲ್ಲಿ. ಲಾಸಾ ಸಿಗಲಿಲ್ಲ ಅಂತ ಬದಲಿಗೆ ನೋಡುವ ಜಾಗ ಅಲ್ಲ ಇದು.

ನಾಲ್ಕೇ ದಿನ ಇದ್ದರೆ ನನ್ನ ಮಾತು ಕೇಳಿ, ಹುವಾಂಗ್‌ಲಾಂಗ್ ಕೈಬಿಡಿ. ರಸ್ತೆಯಲ್ಲೇ ಹೋಗಿ. ಯಿಂಗ್‌ಶಿಯುನಲ್ಲಿ ಇಳಿಯಿರಿ, 2008ರ ಮೇ 12ರ ಭೂಕಂಪದ ಕೇಂದ್ರ ಅದು. ಕುಸಿದ ಶಾಲೆಯನ್ನು ಹಾಗೆಯೇ ಉಳಿಸಿದ್ದಾರೆ. ಅಲ್ಲಿಟ್ಟಿರುವ ಗಡಿಯಾರ 2:28 ತೋರಿಸುತ್ತೆ. ವೆನ್‌ಚುವಾನ್‌ನಿಂದ ಪಕ್ಕದ ಕಣಿವೆಗೆ ತಿರುಗಿದರೆ ತಾವೋಪಿಂಗ್ ಎಂಬ ಚಿಯಾಂಗ್ ಹಳ್ಳಿ. ಓಣಿಗಳ ಕೆಳಗೆ ನೀರಿನ ಕಾಲುವೆ ಹರಿಯುವ ಸದ್ದು ಕೇಳುತ್ತೆ. ಅಲ್ಲಿನ ಗೋಪುರಗಳು 2008ರಲ್ಲಿ ಪೆಟ್ಟು ತಿಂದರೂ ನಿಂತವು. ಮೊದಲ ರಾತ್ರಿ ಮಾವೋಶಿಯನ್, ಎರಡನೇ ರಾತ್ರಿ ಸೋಂಗ್‌ಪಾನ್, ಅದೂ ಅಪ್ಪ ಅಮ್ಮ ಚೆನ್ನಾಗಿದ್ದರೆ ಮಾತ್ರ. ಮೂರನೇ ದಿನ ಜಿಯುಝೈಗೋ. ಅದರ ಬಾಗಿಲು ಇರುವುದು ಸುಮಾರು 2,000 ಮೀಟರ್‌ನಲ್ಲಿ, ಅಲ್ಲಿ ಮಲಗಿದರೆ ತೊಂದರೆ ಕಡಿಮೆ. 2024ರಿಂದ ಓಡುತ್ತಿರುವ ಹೈಸ್ಪೀಡ್ ರೈಲನ್ನು ವಾಪಸ್ ಬರೋಕೆ ಇಟ್ಟುಕೊಳ್ಳಿ. ಅದು ಬಹುಪಾಲು ಸುರಂಗದೊಳಗೇ ಹೋಗುತ್ತೆ, ಹೋಗುವಾಗ ಹತ್ತಿದರೆ ಕಣಿವೆ ಕಾಣಲ್ಲ.

ಮುಂದಿನ ವರ್ಷ ಮತ್ತೆ ಕರೆಸಿಕೊಂಡು ತೋರಿಸುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ. 2017ರ ಆಗಸ್ಟ್ 8ರ ರಾತ್ರಿ ಜಿಯುಝೈಗೋದಲ್ಲೇ ಭೂಕಂಪವಾಯಿತು. ಫೋಟೋದಲ್ಲಿ ಅಪ್ಪ ಬೆರಳಿಟ್ಟು ತೋರಿಸಿದ್ದ ಹ್ವೊಹುವಾ ಕೊಳದ ಕಟ್ಟೆ ಒಡೆದು ನೀರೆಲ್ಲ ಹರಿದುಹೋಯಿತು. ಆಮೇಲೆ ಅದನ್ನು ಸರಿಪಡಿಸಿದ್ದಾರೆ. ಆದರೆ ಅಷ್ಟರಲ್ಲಿ ಅಪ್ಪನ ಮಂಡಿ ಸೋತಿತ್ತು, ಅವರು ಬರಲಿಲ್ಲ. ಜುಮ್ಮನಕಾಯಿ ಪೊಟ್ಟಣವನ್ನು ಮಾತ್ರ ಅಮ್ಮ ಸಾರಿಗೆ ಹಾಕಿ ಮುಗಿಸಿದರು.

ಯಾವ ತಿಂಗಳು ಅಂತ ನೀವು ಬರೆದಿಲ್ಲ. ಜುಲೈ, ಆಗಸ್ಟ್ ಆದರೆ ಮುಂದೂಡಿ, ಮಳೆಗೆ ಮಿನ್ ಕಣಿವೆಯಲ್ಲಿ ಗುಡ್ಡ ಕುಸಿಯುತ್ತೆ. ಅಕ್ಟೋಬರ್‌ನ ಮೊದಲ ವಾರವೂ ಬೇಡ, ಇಡೀ ಚೀನಾಕ್ಕೆ ರಜೆ. ಅದರ ನಂತರದ ಎರಡು ವಾರ ಸಿಕ್ಕಿದರೆ ಈಗಲೇ ಬುಕ್ ಮಾಡಿ.